ಕುರ್ಚಿ ಸಾಹುಕಾರ

ಸೊಸೆ ಮುಂದಿನ ಕೋಣೆಗೆ ಹಳದಿ ಬಣ್ಣ ಬಳಿದು ಮುಗಿಸಿ, ಕೈ ತೊಳೆದು, ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತು ತನ್ನ ಕೆಲಸವನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದಳು. ಸರಿಯಾಗಿ ಆ ಹೊತ್ತಿಗೇ ಮನೆ ಮುಂದೆ ಟೆಂಪೋ ಬಂದು ನಿಂತಿತು. ಟೆಂಪೋ ತುಂಬ ಕುರ್ಚಿ. ಕುರ್ಚಿಯ ಮೇಲೆ ಕುರ್ಚಿ, ಕುರ್ಚಿಗಳ ಸಂದಿಯಲ್ಲೂ ಕುರ್ಚಿ, ಎಲ್ಲಕ್ಕಿಂತ ಮೇಲೆ ಎರಡೂ ಕೈಯಲ್ಲಿ ಹಗ್ಗ ಹಿಡಿದು ಕೂತ ಮಾವ.

ಮಾವನೆಂದರೆ ಆ ಬೀದಿಯ ದರ್ಜಿ. ಕಣ್ಣು ಮೊದಲಿನಷ್ಟು ನಿಚ್ಚಳವಿಲ್ಲವೆಂದು ಅಂಗಡಿ ಮುಚ್ಚಿದ್ದ, ಆದರೆ ಕೊರಳಿನ ಟೇಪು ಮಾತ್ರ ಇನ್ನೂ ಇಳಿದಿರಲಿಲ್ಲ. ಊಟಕ್ಕೆ ಕೂತಾಗಲೂ ಅದು ಕೊರಳಲ್ಲೇ ಇರುತ್ತಿತ್ತು.

"ಮಾವ, ಇದೇನಿದು?" ಎಂದಳು ಸೊಸೆ.

"ಸಾಹುಕಾರಂದು."

"ಅದು ಗೊತ್ತಾಯ್ತು. ಇಲ್ಲಿಗ್ಯಾಕೆ ಬಂತು?"

"ಇನ್ನೆಲ್ಲಿಗೆ ಹೋಗ್ಬೇಕಮ್ಮ? ಅವನು ತೀರಿಕೊಂಡಾಗಿಂದ ಓನರ್ ಕೋಣೆ ಖಾಲಿ ಮಾಡಿ ಅಂತ ಪ್ರಾಣ ತಿಂತಿದ್ದ. ಅವನ ತಂಗಿಗೆ ಫೋನ್ ಮಾಡಿದ್ರೆ, ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ ಅಂತ ಕೈ ತೊಳ್ಕೊಂಡ್ಲು."

"ಮುಂದಿನ ತಿಂಗಳು ಇಲ್ಲಿ ಮಕ್ಕಳು ಬರ್ತಾರೆ. ಕೆಲಸಕ್ಕೆ ಹೋಗೋ ತಾಯಂದ್ರಿಗೆ ಮಾತು ಕೊಟ್ಟಿದೀನಿ. ಈ ಕೋಣೆ ನಿಂದೇ ಅಂತ ಹೇಳಿದ್ದು ನೀವೇ ಮಾವ."

"ಹೇಳಿದ್ದೆ. ಈಗ ಇಲ್ಲ ಅಂದ್ನಾ? ಅಷ್ಟರೊಳಗೆ ಏನಾದ್ರೂ ದಾರಿ ಮಾಡ್ತೀನಿ."

"ಗೋಡೆ ಇನ್ನೂ ಹಸಿ ಇದೆ," ಎಂದಳು ಅವಳು. ಅಷ್ಟರಲ್ಲಿ ಡ್ರೈವರ್ ಮೊದಲ ಕುರ್ಚಿಯನ್ನು ತಂದು ಗೋಡೆಗೆ ಒರಗಿಸಿಯೂ ಆಗಿತ್ತು.

ಎಲ್ಲ ಇಳಿದ ಮೇಲೆ ಟೆಂಪೋದ ಮೂಲೆಯಲ್ಲಿ ಒಂದು ದೊಡ್ಡ ಪೇಂಟ್ ಡಬ್ಬ ಉಳಿಯಿತು. ಮೈಮೇಲೆಲ್ಲ ಒಣಗಿದ ಬಣ್ಣ, ಬಿಗಿಯಾಗಿ ಕೂತ ಮುಚ್ಚಳ. "ಇದನ್ನೇನು ಮಾಡ್ಲಿ, ಎಸೀಲಾ?" ಎಂದ ಡ್ರೈವರ್. ದರ್ಜಿ ಯಾವುದೋ ಕುರ್ಚಿಯ ಸಡಿಲವಾದ ಕಾಲು ಹಿಡಿದುಕೊಂಡು ಪೇಚಾಡುತ್ತಿದ್ದ, ಅವನಿಗೆ ಕೇಳಿಸಲಿಲ್ಲ.

"ಇಲ್ಲಿ ಕೊಡಿ," ಎಂದಳು ಸೊಸೆ. "ಬಟ್ಟೆ ಒಗೆಯೋವಾಗ ಕೂತ್ಕೊಳ್ಳೋಕಾಗುತ್ತೆ. ಇಡೀ ಗಾಡೀಲಿ ಕೆಲಸಕ್ಕೆ ಬರೋದು ಅಂದ್ರೆ ಇದೊಂದೇ."

ಡಬ್ಬ ಹಿತ್ತಲಿಗೆ ಹೋಯಿತು.

ಸಾಹುಕಾರ ಎಂಬುದು ಬೀದಿ ಇಟ್ಟ ಹೆಸರು. ಕೈಯಲ್ಲಿ ತೂತು ಕಾಸಿಲ್ಲದಿದ್ದರೂ ಕೋಣೆ ತುಂಬ ಕುರ್ಚಿ ಇಟ್ಟುಕೊಂಡವನಿಗೆ ಬೇರೆ ಏನೆನ್ನಬೇಕು? ದರ್ಜಿಯ ಅಂಗಡಿಗೆ ಅಂಟಿಕೊಂಡೇ ಅವನ ಕೋಣೆ. ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಮನಸ್ಸಿಗೆ ಮನುಷ್ಯರ ಮುಖ ಬರೆಯುತ್ತಿದ್ದ. ಮುಖ ಬರೆಸಿಕೊಳ್ಳಬೇಕಾದರೆ ಅವನದೊಂದು ಷರತ್ತಿತ್ತು. ಬರುವವರು ತಮ್ಮ ಮನೆಯಲ್ಲಿ ದಿನಾ ಕೂರುವ ಕುರ್ಚಿಯನ್ನೇ ಹೊತ್ತು ತರಬೇಕು. ನೆಂಟರು ಬಂದಾಗ ಹಾಕುವ ಚೆಂದದ ಕುರ್ಚಿ ನಡೆಯುವುದಿಲ್ಲ. ಚಿತ್ರ ಮುಗಿದ ಮೇಲೆ ಚಿತ್ರ ಅವರಿಗೆ, ಕುರ್ಚಿ ಇವನಿಗೆ. ಅದೇ ಫೀಸು. ಕೊಡಲು ಮನಸ್ಸಿಲ್ಲದೆ ಎಳೆದಾಡಿದವರ ಮನೆಗೆ ತಾನೇ ಹೋಗಿ ಎತ್ತಿಕೊಂಡು ಬಂದದ್ದೂ ಉಂಟು. ಕುರ್ಚಿಯ ವಿಷಯದಲ್ಲಿ ಅವನಿಗೆ ನಾಚಿಕೆ, ಮಾನ, ಮರ್ಯಾದೆ ಒಂದೂ ಇರಲಿಲ್ಲ.

ಚಿತ್ರಗಳು ಹೇಗಿದ್ದವು ಎಂದರೆ, ಇದ್ದವು. ದರ್ಜಿಯ ಮನೆಯ ನಡುಮನೆಯಲ್ಲೂ ಒಂದಿತ್ತು, ಹರೆಯದ ದರ್ಜಿ ಕುರ್ಚಿಯಲ್ಲಿ ಕೂತದ್ದು. ದರ್ಜಿಯದು ಚಪ್ಪಟೆ ಮೂಗು, ಚಿತ್ರದಲ್ಲಿ ನೆಟ್ಟಗಿನ ಮೂಗು. ಹಿಟ್ಟಿನ ಗಿರಣಿಯವನಿಗೂ ಬಸ್ ಡ್ರೈವರನಿಗೂ ಅದೇ ಮೂಗು. "ತಾತ, ಈ ಬೀದೀಲಿ ಎಲ್ರೂ ಒಬ್ಬರಿಗೊಬ್ಬರು ಅಣ್ಣ ತಮ್ಮಂದ್ರಾ?" ಎಂದು ಕಾಲೇಜಿಗೆ ಹೋಗುವ ಮೊಮ್ಮಗಳು ಕೇಳಿ ನಗುತ್ತಿದ್ದಳು.

ಕುರ್ಚಿ ಬಂದ ಮಾರನೆಯ ಬೆಳಿಗ್ಗೆ ದರ್ಜಿಯ ಹೆಂಡತಿ ತರಕಾರಿ ಬುಟ್ಟಿ ಕೆಳಗಿಟ್ಟು ಮುಂದಿನ ಕೋಣೆಗೆ ಹೋದಳು. ದಡಬಡ ಸದ್ದಾಯಿತು. ಆಮೇಲೆ ಗುಂಡು ಕೈಗಳಿದ್ದ, ಬೆನ್ನಿಗೆ ಬೆತ್ತ ಹೆಣೆದ ಒಂದು ಕುರ್ಚಿಯನ್ನು ದರದರನೆ ಎಳೆದುಕೊಂಡು ಬಂದು ಅಡುಗೆಮನೆಯ ಕಿಟಕಿಯ ಹತ್ತಿರ ಹಾಕಿ, ಕೂತು, ಆಲೂಗಡ್ಡೆ ಹೆಚ್ಚತೊಡಗಿದಳು.

"ಏನೇ ಅದು?" ಎಂದ ದರ್ಜಿ.

"ನನ್ನ ತವರಿನ ಕುರ್ಚಿ. ನಿಮ್ಮ ಮುಖ ಬರೆಸ್ಕೊಳ್ಳೋಕೆ ಹೊತ್ಕೊಂಡು ಹೋದ್ರಲ್ಲ, ನನ್ನ ಒಂದು ಮಾತು ಕೇಳದೆ. ಅವತ್ತಿಂದ ಸ್ಟೂಲ್ ಮೇಲೆ ಕೂತು ಹೆಚ್ಚಿ ಹೆಚ್ಚಿ ಸೊಂಟ ಬಿದ್ದುಹೋಗಿದೆ."

"ಅದು ಸಾಹುಕಾರನ ಸಂಗ್ರಹ ಕಣೇ. ಒಂದು ತೆಗೆದ್ರೆ—"

"ತೆಗೆದಾಯ್ತಲ್ಲ," ಎಂದು ಅವಳು ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡಳು.

ದರ್ಜಿ ಹೊರಗೆ ಬಂದ. ಆದರೆ ಮುಂದಿನ ಕೋಣೆಯಲ್ಲಿ ಆ ಕುರ್ಚಿ ಇದ್ದ ಜಾಗ ಖಾಲಿಯಾಗಿ ಕಂಡಾಗ ಅವನಿಗೆ ನಿಜವಾಗಿಯೂ ಸಂಕಟವಾಯಿತು. ಗೆಳೆಯನನ್ನು ಮಣ್ಣು ಮಾಡಿ ಬಂದ ದಿನ ಅವನು ಅತ್ತಿರಲಿಲ್ಲ. ಓಡಾಟ ಜಾಸ್ತಿಯಿತ್ತು, ಜನರಿದ್ದರು. ಈಗ ಕುರ್ಚಿಗಳ ನಡುವೆ ಒಬ್ಬನೇ ನಿಂತು ಕಣ್ಣೊರೆಸಿಕೊಂಡ. ಇವಿಷ್ಟೂ ಒಟ್ಟಿಗೆ ಇರುವ ತನಕ ಸಾಹುಕಾರ ಇದ್ದಾನೆ, ಒಂದೊಂದೇ ಹೋದರೆ ಅವನೂ ಹೋದ ಹಾಗೆ, ಎಂಬುದು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಮೊದಲ ವಾರ ಎಲ್ಲರೂ ಹಲ್ಲು ಕಚ್ಚಿಕೊಂಡು ಸಹಿಸಿದರು. ಕೋಣೆಯಲ್ಲಿ ಹಿಡಿಸದ ಕುರ್ಚಿಗಳು ನಡುಮನೆಗೆ ಬಂದವು, ನಡುಮನೆಯಲ್ಲಿ ಹಿಡಿಸದವು ಮಲಗುವ ಕೋಣೆಗೆ ಹೊಕ್ಕವು. ಮನೆ ತುಂಬ ಕುರ್ಚಿಯಿದ್ದರೂ ಯಾರೂ ಕೂರುವ ಹಾಗಿಲ್ಲ, ದರ್ಜಿ ಬಿಡುತ್ತಿರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಎಲ್ಲರೂ ನಿಂತೇ ಉಣ್ಣುತ್ತಿದ್ದರು. ಮಗ ಕರೆಂಟ್ ಕಂಬ ಹತ್ತುವ ಕೆಲಸದವನು. ದಿನವಿಡೀ ಕಂಬದ ಮೇಲೆ ಏನೂ ಆಗದವನು ಸಂಜೆ ಮನೆಗೆ ಬಂದು ಕುರ್ಚಿಯ ಕಾಲಿಗೆ ಎಡವಿ ಹೆಬ್ಬೆರಳಿನ ಉಗುರು ಕಿತ್ತುಕೊಂಡ.

ಮರುದಿನವೇ ಅವನು ಹೋಟೆಲಿನವನೊಬ್ಬನನ್ನು ಕರೆತಂದ. ಹೊಸ ಹೋಟೆಲಂತೆ, ಒಂದರ ಹಾಗೆ ಒಂದಿಲ್ಲದ ಹಳೇ ಕುರ್ಚಿಗಳೇ ಬೇಕಂತೆ. ಹೋಟೆಲಿನವನು ಸುತ್ತ ನೋಡಿ ತಲೆದೂಗಿದ.

"ಅಷ್ಟೂ ತಗೋತೀನಿ ಯಜಮಾನ್ರೇ. ಎಲ್ಲಕ್ಕೂ ಒಂದೇ ನೀಲಿ ಬಣ್ಣ ಹೊಡೆಸಿಬಿಟ್ರೆ ಚೆನ್ನಾಗಿ ಕಾಣುತ್ತೆ."

"ಮಾರೋಕಲ್ಲ," ಎಂದ ದರ್ಜಿ.

"ಒಳ್ಳೆ ರೇಟ್ ಕೊಡ್ತೀನಿ."

"ನಿಮ್ಮಪ್ಪನಿಗೂ ನೀಲಿ ಬಣ್ಣ ಹೊಡೆಸ್ತೀರಾ?"

ಹೋಟೆಲಿನವನು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದ. ಮಗ ಬಾಗಿಲು ಹಾಕಿ ತಿರುಗಿದ.

"ಅಪ್ಪ, ಗಾರ್ಮೆಂಟ್ಸ್ ಮುಚ್ಚಿ ಅವಳ ಕೆಲಸ ಹೋದಾಗಿಂದ ಅವಳು ಒಂದು ದಿನಾನೂ ಅತ್ತಿಲ್ಲ. ಈ ಕೋಣೆ ನೆಚ್ಚಿಕೊಂಡೇ ಧೈರ್ಯವಾಗಿದ್ಲು. ನಿಂಗೆ ಅದು ಗೊತ್ತಾಗಲ್ವಾ?"

"ಗೊತ್ತಾಗುತ್ತೆ ಕಣೋ."

"ಮತ್ತೆ?"

ದರ್ಜಿ ಪಕ್ಕದ ಕುರ್ಚಿಯ ಧೂಳು ಒರೆಸತೊಡಗಿದ. ಸೊಸೆ ಒಳಗಿನಿಂದ ಹೇಳಿದಳು, ಏನೂ ಕೂಗಾಡದೆ, ತಣ್ಣಗೆ: "ಸತ್ತೋರಿಗೆ ಈ ಮನೇಲಿ ಎಷ್ಟು ಜಾಗ ಇದೆ ನೋಡಿ. ಬದುಕಿರೋರು ನಿಂತ್ಕೊಂಡು ಊಟ ಮಾಡ್ಬೇಕು."

ಅಂದಿನಿಂದ ಅವಳು ಮಾವನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯುತ್ತಿದ್ದಳು, ಹೊತ್ತಿಗೆ ಸರಿಯಾಗಿ ಟೀ ಇಡುತ್ತಿದ್ದಳು. ಮಾತಿಲ್ಲ. ಮನೆಯ ಹತ್ತಿರ ಬೇರೆ ಕೋಣೆ ಸಿಗುತ್ತದಾ ಎಂದು ಬಿಸಿಲಲ್ಲಿ ಸುತ್ತಿ, ಬಾಡಿಗೆ ಕೇಳಿ ಬೆಚ್ಚಿ, ಬರಿಗೈಯಲ್ಲಿ ವಾಪಸು ಬಂದಳು. ಎದುರು ಸಾಲಿನ ಮನೆಯ ತಾಯಿಯೊಬ್ಬಳು, ತನ್ನ ಮಗಳನ್ನು ಇನ್ನೊಂದು ಕಡೆ ಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಫೋನು ಮಾಡಿದಳು. ಸೊಸೆ ಪರವಾಗಿಲ್ಲ ಎಂದು ಫೋನಿಟ್ಟು ಹಿತ್ತಲಿಗೆ ಹೋಗಿ ಪೇಂಟ್ ಡಬ್ಬದ ಮೇಲೆ ಕೂತಳು. ಒಗೆಯುವ ಬಟ್ಟೆ ಅವತ್ತು ಇರಲೇ ಇಲ್ಲ.

ದರ್ಜಿ ಅದನ್ನು ಕಿಟಕಿಯಿಂದ ನೋಡಿದ. ಏನಾದರೂ ಮಾಡಬೇಕೆನಿಸಿತು. ದರ್ಜಿಗೆ ಏನು ಮಾಡಲು ಬರುತ್ತದೋ ಅದನ್ನೇ ಮಾಡಿದ. ಮಷಿನ್ ಒರೆಸಿ, ಎಣ್ಣೆ ಬಿಟ್ಟು, ಗಿರಾಕಿಗಳ ಅಳತೆ ತೆಗೆದ ಹಾಗೆ ಒಂದೊಂದು ಕುರ್ಚಿಯ ಬೆನ್ನು, ತೋಳು, ಎತ್ತರ ಅಳೆದು, ಉಳಿದ ಬಟ್ಟೆಯಲ್ಲಿ ಗವಸು ಹೊಲಿಯತೊಡಗಿದ. ಗವಸು ಹಾಕಿ ಒಂದರ ಮೇಲೊಂದು ಪೇರಿಸಿದರೆ ಧೂಳು ಕೂರುವುದಿಲ್ಲ, ಅರ್ಧ ಕೋಣೆಯಾದರೂ ಸೊಸೆಗೆ ಸಿಗುತ್ತದೆ ಎಂಬುದು ಅವನ ಲೆಕ್ಕ.

"ತಾತ, ಕುರ್ಚಿಗೆ ಅಂಗಿ ಹೊಲಿದಾಯ್ತು, ಚಡ್ಡಿ ಯಾವಾಗ?" ಎಂದಳು ಮೊಮ್ಮಗಳು. ಸೊಸೆ ಗವಸು ತೊಟ್ಟ ಕುರ್ಚಿಗಳನ್ನು ಒಮ್ಮೆ ನೋಡಿದಳು. ಏನೂ ಹೇಳದೆ ಒಳಗೆ ಹೋದಳು. ಅದಕ್ಕಿಂತ ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು.

ಅವನು ಗವಸು ಹೊಲಿಯುತ್ತಿದ್ದ ಒಂದು ಮಧ್ಯಾಹ್ನ, ಹಿಟ್ಟಿನ ಗಿರಣಿಯನ್ನು ಈಗ ನಡೆಸುವ ಹೆಂಗಸು ಮಗುವನ್ನು ಎತ್ತಿಕೊಂಡು ಬಂದಳು. ಗಿರಣಿಯವನ ಮಗಳು ಅವಳು. ಅಪ್ಪ ತೀರಿಕೊಂಡ ಮೇಲೆ ಗಿರಣಿ ಅವಳ ಹೆಗಲಿಗೆ ಬಿದ್ದಿತ್ತು. ಬೆಲ್ಟು ತಿರುಗುವ ಕಡೆ ಮಗು ಓಡಿಕೊಂಡು ಹೋಗುತ್ತದೆ, ಹಗಲು ಇಲ್ಲಿ ಬಿಡಬಹುದಾ ಎಂದು ಕೇಳಲು ಬಂದಿದ್ದಳು. ಸೊಸೆ ಅವಳನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡುತ್ತಿದ್ದಳು.

ಕೆಳಗಿಳಿದ ಮಗು ಕೈಗೆ ಸಿಕ್ಕ ಗವಸನ್ನು ಎಳೆಯಿತು. ಗವಸು ಜಾರಿತು. ಅಗಲವಾದ ಮರದ ಕುರ್ಚಿ, ಬಲಗೈಯ ತುದಿ ಸವೆದು ನುಣ್ಣಗಾಗಿ, ಸಂದುಗಳಲ್ಲಿ ಇನ್ನೂ ಹಿಟ್ಟಿನ ಬಿಳುಪು. ಗಿರಣಿಯವಳ ಮಾತು ನಿಂತುಹೋಯಿತು. ಹತ್ತಿರ ಬಂದು ಆ ಸವೆದ ಕಡೆ ಅಂಗೈ ಇಟ್ಟಳು. ಕೂರಲಿಲ್ಲ.

"ಅಪ್ಪ ಇಲ್ಲೇ ಬೆರಳು ಬಡೀತಿದ್ರು. ಗಿರಣಿ ಸದ್ದಿನ ಜೊತೆ," ಎಂದಳು. "ಮನೇಲಿ ಚಿತ್ರ ಇದೆ. ಅದರ ಕೆಳಗೆ ಅಮ್ಮ ಬೇರೆ ಕುರ್ಚಿ ಹಾಕಿದಾರೆ. ಯಾಕೋ ಒಪ್ಪಲ್ಲ."

ಕೇಳಿದರೆ ಕೊಡದಿರುವುದು ಸುಲಭ. ಅವಳು ಕೇಳಲೇ ಇಲ್ಲ. ಮಗುವನ್ನು ಎತ್ತಿಕೊಂಡು, ಗವಸನ್ನು ತಾನೇ ಹಾಕಿ ಸರಿಮಾಡಿ, ಹೋದಳು. ದರ್ಜಿ ಮಷಿನ್ನಿನ ಮುಂದೆ ಕೂತೇ ಇದ್ದ. 

ಅವತ್ತು ಊಟ ಸೇರಲಿಲ್ಲ. ತಟ್ಟೆಯನ್ನು ಹಾಗೇ ಅಡುಗೆಮನೆಗೆ ತಂದ. ಹೆಂಡತಿ ಕಿಟಕಿಯ ಹತ್ತಿರ ಅವಳ ಕುರ್ಚಿಯಲ್ಲಿ ಕೂತು ಬೇಳೆ ಆರಿಸುತ್ತಿದ್ದಳು.

"ಯಾಕೆ, ಹೊಟ್ಟೆ ಸರಿ ಇಲ್ವಾ?"

"ಕೊಡ್ಬೇಕಿತ್ತೇನೋ ಅವಳಿಗೆ."

"ನಾನು ಇದನ್ನ ಎತ್ಕೊಂಡು ಬಂದಾಗ ಅಷ್ಟು ಸಂಕಟಪಟ್ರಲ್ಲ. ನಿಮ್ಮ ಸಾಹುಕಾರ ಕಮ್ಮಿ ಆದ್ನಾ?"

ದರ್ಜಿ ಯೋಚಿಸಿದ. ದಿನಾ ಬೆಳಿಗ್ಗೆ ಇವಳು ಈ ಕುರ್ಚಿಯಲ್ಲಿ ಕೂತದ್ದನ್ನು ಕಂಡಾಗೆಲ್ಲ ಸಾಹುಕಾರ ನೆನಪಾಗುತ್ತಿದ್ದ. ಅದನ್ನು ಹೊತ್ತುಕೊಂಡು ಹೋದ ದಿನ, ಮುಂಜಾನೆಯ ಬೆಳಕು, "ಅಲ್ಲಾಡ್ಬೇಡ ಕತ್ರಿ" ಎಂದು ಅವನು ಗದರಿದ್ದು. ದರ್ಜಿಗೆ ಅವನು ಇಟ್ಟ ಹೆಸರು ಕತ್ರಿ. ಗವಸು ಹಾಕಿ ಪೇರಿಸಿದ ಕುರ್ಚಿಗಳನ್ನು ನೋಡಿದರೆ ಧೂಳಿನದೇ ಯೋಚನೆ, ಅವನ ನೆನಪೇ ಬರುತ್ತಿರಲಿಲ್ಲ.

"ಇಲ್ಲ," ಎಂದ.

"ಮತ್ತೆ ಊಟ ಮಾಡಿ. ಬೆಳಿಗ್ಗೆ ಭಾರ ಹೊರೋದಿದೆ."

ಬೆಳಿಗ್ಗೆ ಅವನು ಆ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬೀದಿಗಿಳಿದ. ಅಂಗಡಿಯವರು ಬಾಯಿ ಬಿಟ್ಟುಕೊಂಡು ನೋಡಿದರು. ಗಿರಣಿಯ ಹಿಂದಿನ ಮನೆಯಲ್ಲಿ ಗಿರಣಿಯವನ ಹೆಂಡತಿ ಚಿತ್ರದ ಕೆಳಗಿದ್ದ ಕುರ್ಚಿ ಎಳೆದು ಹಾಕಿ ಇದಕ್ಕೆ ಜಾಗ ಮಾಡಿದಳು. ಆಮೇಲೆ ಟೀ ಕೊಟ್ಟಳು.

"ನಮ್ಮೋರು ಹೋದ ಮೇಲೆ ನಿಮ್ಮ ಸ್ನೇಹಿತರು ಆಗಾಗ ಬರೋರು, ಕುಂಚ ಹಿಡ್ಕೊಂಡು," ಎಂದಳು. "ಮೂಗು ತಪ್ಪಾಗಿದೆ, ಸರಿಮಾಡ್ತೀನಿ ಕೊಡಿ ಅಂತ. ನಾನು ಬೇಡ ಅಂದೆ. ಇದೇ ಮೂಗು ಅಭ್ಯಾಸ ಆಗಿಹೋಗಿದೆ, ಈಗ ಬದಲಾಯಿಸಿದ್ರೆ ಯಾರೋ ಬೇರೆಯವರು ಅನ್ಸುತ್ತೆ ಅಂತ. ಅವತ್ತು ಪಾಪ, ಎಷ್ಟು ಖುಷಿಪಟ್ರು ಅಂತೀರಾ."

ಗೋಡೆಯಾಚೆಯೇ ಇದ್ದ ಗೆಳೆಯ ಇದನ್ನು ದರ್ಜಿಗೆ ಒಂದು ದಿನವೂ ಹೇಳಿರಲಿಲ್ಲ. ಮೂಗಿನ ವಿಷಯ ಎತ್ತಿದರೆ ಬೇರೆಯೇ ಹೇಳುತ್ತಿದ್ದ. "ನನ್ನ ಕೈ ಅಷ್ಟೇ ಕತ್ರಿ. ಮುಖ ತಪ್ಪುತ್ತೆ. ಕುರ್ಚಿ ತಪ್ಪಲ್ಲ. ಮನುಷ್ಯ ಹೇಗೆ ಕೂರ್ತಿದ್ದ ಅಂತ ಅದಕ್ಕೆ ಗೊತ್ತಿರುತ್ತೆ." ಕೈ ಸೋತದ್ದನ್ನು ಕುರ್ಚಿಯಿಂದ ತುಂಬಿಕೊಳ್ಳುತ್ತಿದ್ದ ಮನುಷ್ಯ. ದರ್ಜಿ ಅದನ್ನು ತಮಾಷೆಯೆಂದು ತಿಳಿದು ನಕ್ಕಿದ್ದ.

ಮನೆಗೆ ಬಂದವನೇ ಇನ್ನೊಂದು ಕುರ್ಚಿಯ ಗವಸು ಬಿಚ್ಚಿದ. ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಅದು ಯಾರದು?" ಎಂದಳು. ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು.

"ಬಸ್ ಡ್ರೈವರಂದು. ಡಿಪೋ ಹತ್ರ ಮನೆ."

"ಅಷ್ಟು ದೂರ ತಲೆ ಮೇಲೆ ಹೊರ್ತೀರಾ? ತಡೀರಿ, ಒಂದು ಕಡೆ ನಾನು ಹಿಡ್ಕೋತೀನಿ."

ಹೀಗೆ ಶುರುವಾಯಿತು. ಮಾವ ಮುಂದೆ, ಸೊಸೆ ಹಿಂದೆ, ನಡುವೆ ಕುರ್ಚಿ. ರಜೆ ಸಿಕ್ಕಾಗ ಮಗನೂ ಕೈಜೋಡಿಸಿದ. ಹೋದ ಕಡೆಯೆಲ್ಲ ದರ್ಜಿಗೆ ಸಾಹುಕಾರನ ಒಂದು ಸುದ್ದಿ ಸಿಗುತ್ತಿತ್ತು. ಬಸ್ ಡ್ರೈವರ್ ಹೇಳಿದ: ಬೋರ್ಡಿನ ಕೆಲಸವಿಲ್ಲದ ದಿನ ಸಾಹುಕಾರ ಕೊನೆಯ ಸ್ಟಾಪಿನವರೆಗೆ ಬಂದು ಅದೇ ಬಸ್ಸಿನಲ್ಲಿ ವಾಪಸು ಹೋಗುತ್ತಿದ್ದ, ಬರೀ ಜನರ ಮುಖ ನೋಡಲು. ಒಬ್ಬಾಕೆಯಂತೂ ಕುರ್ಚಿ ಕಂಡು ಕಿಡಿಕಿಡಿಯಾದಳು. "ಆ ಮನುಷ್ಯ ಮನೆಗೆ ನುಗ್ಗಿ ಎತ್ಕೊಂಡು ಹೋಗಿದ್ದ, ನಮ್ಮತ್ತೆ ಅದರ ಮೇಲೆ ಕೂತಿರೋವಾಗಲೇ," ಎಂದಳು. ಆಮೇಲೆ ತಾನೇ ನಕ್ಕು, ಕುರ್ಚಿ ಒಳಗಿಟ್ಟುಕೊಂಡು, ತನ್ನ ಮೊಮ್ಮಗನನ್ನು ಹಗಲು ನೋಡಿಕೊಳ್ಳುತ್ತೀರಾ ಎಂದು ಸೊಸೆಯನ್ನು ಕೇಳಿದಳು.

ಕೆಲವರು ಊರು ಬಿಟ್ಟಿದ್ದರು. ಕೆಲವರ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಹಾಗೆ ದಿಕ್ಕಿಲ್ಲದೆ ಉಳಿದ ಒಂದಷ್ಟು ಕುರ್ಚಿಗಳನ್ನು ನೋಡುತ್ತ ದರ್ಜಿ ಒಂದು ಸಂಜೆ ನಿಂತಿದ್ದ. ಆಮೇಲೆ ಗಿರಣಿಯಿಂದ ಮಗುವನ್ನು ಕರೆತಂದು, ಕೊರಳಿನ ಟೇಪು ತೆಗೆದು, ಮೊಣಕಾಲಿನಿಂದ ನೆಲದವರೆಗೆ ಅಳೆದ. ಪ್ಯಾಂಟಿನ ಅಂಚು ಗುರುತು ಮಾಡುವ ಸೀಮೆಸುಣ್ಣದಲ್ಲಿ ಕುರ್ಚಿಯ ಕಾಲಿಗೆ ಗೆರೆ ಎಳೆದ.

"ಏನ್ ಮಾವ ಇದು?" ಎಂದಳು ಸೊಸೆ ಗಾಬರಿಯಿಂದ.

"ಉದ್ದ ಆಗಿದೆ. ಗರಗಸ ತರೋಕೆ ಹೇಳು ಅವನಿಗೆ."

"ನಿಜವಾಗ್ಲೂ ಕತ್ತರಿಸೋದಾ?"

"ಮಕ್ಕಳ ಕಾಲು ನೆಲಕ್ಕೆ ಸಿಗದಿದ್ರೆ ಹೇಗಮ್ಮ? ಕೂರೋಕೆ ತಾನೇ ಕುರ್ಚಿ ಇರೋದು."

ಮಗ ಕತ್ತರಿಸಿದ. ಮೊದಲನೆಯದು ಕುಂಟಿತು, ಉಳಿದವು ಸರಿಯಾದವು. ಗವಸುಗಳನ್ನು ಬಿಚ್ಚಿ ದರ್ಜಿ ಮಕ್ಕಳಿಗೆ ಪುಟ್ಟ ದಿಂಬು ಹೊಲಿದ. ಹೇಳಿದ ದಿನಕ್ಕೆ ಸರಿಯಾಗಿ ಮಕ್ಕಳು ಬಂದರು. ಹಳದಿ ಗೋಡೆಯಲ್ಲಿ ಕುರ್ಚಿ ಒರಗಿಸಿದ ಕಲೆಗಳು ಹಾಗೇ ಇದ್ದವು. ಸೊಸೆ ಅವಕ್ಕೆ ಕಣ್ಣು ಬಾಯಿ ಬರೆದು ಗೊಂಬೆ ಮಾಡಿದ್ದಳು.

ಆ ದಿನ ದರ್ಜಿಯ ಕೈಯಲ್ಲಿ ಉಳಿದದ್ದು ಒಂದೇ ಕುರ್ಚಿ, ನಿವೃತ್ತಿಯಾದ ನರ್ಸಮ್ಮನದು. ಅವಳು ಮಗಳ ಮನೆಗೆ ಹೋದವಳು ಅವತ್ತೇ ವಾಪಸು ಬಂದಿದ್ದಳು. ಸಾಹುಕಾರನ ಕೊನೆಯ ದಿನಗಳಲ್ಲಿ ಅವನಿಗೆ ಇಂಜೆಕ್ಷನ್ ಕೊಡಲು ಹೋಗುತ್ತಿದ್ದವಳೂ ಅವಳೇ. ಕುರ್ಚಿಯನ್ನು ಒರೆಸಿ, ಕೂತು, ಹಿಂದಕ್ಕೆ ಒರಗಿ, ಅವಳು ನಿಟ್ಟುಸಿರು ಬಿಟ್ಟಳು.

"ಅಷ್ಟು ಕುರ್ಚಿ ಇತ್ತಲ್ಲ ಆ ಕೋಣೇಲಿ. ಮೈಗೆ ಆಗ್ತಿಲ್ಲ, ಇದರಲ್ಲಿ ಒರಗಿಕೊಳ್ಳಿ ಅಂದ್ರೆ ಕೇಳ್ತಿರ್ಲಿಲ್ಲ. ಇವೆಲ್ಲ ಖಾಲಿ ಇಲ್ಲ ನರ್ಸಮ್ಮ, ಜನ ಕೂತಿದಾರೆ, ಅನ್ನೋರು. ಕೊನೇ ತನಕ ಆ ಡಬ್ಬದ ಮೇಲೇ ಕೂತ್ರು." ದರ್ಜಿಯ ಕಡೆ ತಿರುಗಿ ಕೇಳಿದಳು. "ಅದನ್ನ ನೀವೇ ಇಟ್ಕೊಂಡಿರ್ಬೇಕಲ್ಲ?"

ದರ್ಜಿ ಹೂಂ ಎಂದ. ಹೂಂ ಎಂದದ್ದು ಬಾಯಿ ಮಾತ್ರ. ಅಷ್ಟು ವರ್ಷ ಆ ಕೋಣೆಗೆ ಹೋದಾಗೆಲ್ಲ ಕಂಡದ್ದು ಅದೇ ದೃಶ್ಯ, ಬಣ್ಣದ ಡಬ್ಬದ ಮೇಲೆ ಮೊಣಕಾಲು ಎತ್ತಿ ಕೂತ ಸಾಹುಕಾರ. ಕಂಡೂ ಕಂಡೂ ಅದು ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಊರವರ ಕುರ್ಚಿಗಳಿಗೆಲ್ಲ ಅಂಗಿ ಹೊಲಿದವನು ಗೆಳೆಯನ ಕುರ್ಚಿಯನ್ನೇ ಟೆಂಪೋದಿಂದ ಇಳಿಸಿಕೊಂಡಿರಲಿಲ್ಲ.

ಸೊಸೆ ಬಟ್ಟೆ ಒಗೆಯಲು ಕೂರುವ ಡಬ್ಬ ನೆನಪಾಗಿ ಬಿರಬಿರನೆ ಮನೆಗೆ ಬಂದ. ಮಕ್ಕಳು ಹೋಗಿಯಾಗಿತ್ತು. ಹಿತ್ತಲಲ್ಲಿ ಸೊಸೆ ಡಬ್ಬದ ಮೇಲೆ ಕೂತು ಮಕ್ಕಳ ಬಟ್ಟೆ ಒಗೆಯುತ್ತಿದ್ದಳು. ಡಬ್ಬದ ಸುತ್ತ ಸೋಪಿನ ನೊರೆ. ದಿನವೂ ನೀರು ಬಿದ್ದು ಬಿದ್ದು ಒಣಬಣ್ಣ ಪದರು ಪದರಾಗಿ ಮೇಲೆದ್ದು, ಕೆಂಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ನೀಲಿ ಕಾಣುತ್ತಿತ್ತು. ದರ್ಜಿಯ ಕಾಲು ಅಲ್ಲೇ ನಿಂತಿತು. 

"ಏನ್ ಮಾವ? ನರ್ಸಮ್ಮ ಸಿಗ್ಲಿಲ್ವಾ?"

"ಸಿಕ್ಕಿದ್ರು." ಅವನು ಡಬ್ಬವನ್ನೇ ನೋಡುತ್ತಿದ್ದ. "ಅವನು ಅದರ ಮೇಲೆ ಕೂರ್ತಿದ್ದ."

ಸೊಸೆ ತಟ್ಟನೆ ಎದ್ದಳು. ಕೈಯ ನೊರೆ ಕೊಡವಿ, ಡಬ್ಬವನ್ನು ನೋಡಿ, ಅವನ ಮುಖ ನೋಡಿದಳು. "ಅಯ್ಯೋ ಮಾವ. ನಂಗೆ ಗೊತ್ತಿರ್ಲಿಲ್ಲ. ಇರಿ, ತೊಳೆದು ಒಳಗಿಡ್ತೀನಿ."

ದರ್ಜಿ ಹತ್ತಿರ ಬಂದ. ಬಗ್ಗಿ ಮುಚ್ಚಳದ ಮೇಲೆ ಅಂಗೈ ಇಟ್ಟ, ಗಿರಣಿಯವಳು ಇಟ್ಟ ಹಾಗೆ. ಅವಳು ಕೂತಿದ್ದ ಜಾಗ ಇನ್ನೂ ಬೆಚ್ಚಗಿತ್ತು.

"ಬೇಡ. ಕೂತ್ಕೋಮ್ಮ," ಎಂದ.

"ಮಾವ—"

"ಕೂತ್ಕೋ. ಖಾಲಿ ಇಡೋಕಲ್ಲ ಅದು."

ಅವಳು ಹಿಂದೆಮುಂದೆ ನೋಡಿ, ಮೆಲ್ಲಗೆ ಕೂತಳು. ದರ್ಜಿ ಕೊರಳಿನ ಟೇಪು ತೆಗೆದು ಕಿಟಕಿಯ ಸರಳಿಗೆ ಸಿಕ್ಕಿಸಿ, ಪಕ್ಕದ ಮೆಟ್ಟಿಲ ಮೇಲೆ ಕೂತು, ಬಕೆಟ್ಟು ಎಳೆದುಕೊಂಡು ಒಂದು ಪುಟ್ಟ ಅಂಗಿಯನ್ನು ನೀರಲ್ಲಿ ಜಾಲಾಡತೊಡಗಿದ. 

"ಹೇಗಿದ್ರು ಮಾವ ಅವ್ರು?" ಎಂದಳು ಸೊಸೆ. "ಬೀದೀಲಿ ನೋಡಿದ್ದೆ ಅಷ್ಟೆ."

ದರ್ಜಿ ಅಂಗಿ ಹಿಂಡಿ, ಕೊಡವಿ, ತೋಳಿನಿಂದ ಕಣ್ಣೊರೆಸಿಕೊಂಡ.

"ಮೊದಲ್ನೇದಾಗಿ," ಎಂದ, "ಅವನಿಗೆ ಮೂಗು ಬರೆಯೋಕೆ ಬರ್ತಿರ್ಲಿಲ್ಲ."